ಸೂಜಿಯ ಕಾಯಕವೂ ಸಂತೆಯ ಬೆಲೆಯೂ



ಕಡೂರು, ತರೀಕೆರೆ, ಅಜ್ಜಂಪುರಗಳ ಸಂತೆಗಳಲ್ಲಿ ರಾಗಿಗೆ, ತೆಂಗಿನಕಾಯಿಗೆ, ಈರುಳ್ಳಿಗೆ ದರವೆಂಬುದೊಂದುಂಟು. ಬೆಳಗಾಗುತ್ತಲೇ ಅದು ಎಲ್ಲರ ಬಾಯಲ್ಲಿಯೂ ಇರುವುದು. ಹೊತ್ತೇರಿದಂತೆ ಏರುವುದು, ಇಲ್ಲವೆ ಇಳಿಯುವುದು. ಆದರೆ ತಾಂಡ್ಯದ ಹೆಣ್ಣುಮಗಳೊಬ್ಬಳು ಕನ್ನಡಿಬಿಲ್ಲೆ, ಕವಡೆಗಳನ್ನಿಟ್ಟು ಕಸೂತಿ ಹಾಕಿದ ಚೀಲವೊಂದನ್ನು ಅದೇ ಸಂತೆಯ ಅಂಚಿನಲ್ಲಿ ಇಟ್ಟುಕೊಂಡು ಕುಳಿತಳೆಂದರೆ ಅದಕ್ಕೆ ದರವೇ ಇಲ್ಲ. ಕೊಳ್ಳುವವನು ಬಾಯಿಗೆ ಬಂದಷ್ಟು ಕೇಳುವನು; ಮಾರುವವಳು ಬಸ್ಸಿನ ಹೊತ್ತಾಯಿತೆಂದು ಕೊಟ್ಟುಬಿಡುವಳು. ಆ ಚೀಲಕ್ಕೆ ನ್ಯಾಯವಾದ ಬೆಲೆ ಯಾವುದು, ಅದು ಅವಳ ಕೈಸೇರದಿರುವುದಕ್ಕೆ ಕಾರಣವೇನು ಎಂಬುದಿಷ್ಟೇ ಈ ಉಪನ್ಯಾಸದ ವಿಷಯವು.

ಲಂಬಾಣಿಗರು ಪೂರ್ವದಲ್ಲಿ ವ್ಯಾಪಾರಕ್ಕೆ ಹೊಸಬರೇನೂ ಅಲ್ಲ. ಹೇರೆತ್ತುಗಳ ಮೇಲೆ ಉಪ್ಪನ್ನೂ ದವಸವನ್ನೂ ಹೇರಿಕೊಂಡು, ಕರಾವಳಿಯಿಂದ ಘಟ್ಟ ಹತ್ತಿ ಬಯಲುಸೀಮೆಗೆ, ದಂಡು ಹೋದಲ್ಲಿಗೆ ದಂಡಿನ ಹಿಂದೆ ಸಾಗುತ್ತಿದ್ದವರು ಅವರು. ಮುಂದಾಳಾದ ಎತ್ತಿನ ಹಣೆಗೂ ಬೆನ್ನಿಗೂ ಕವಡೆ ಕನ್ನಡಿಗಳ ಕಸೂತಿಬಟ್ಟೆಯನ್ನು ತೊಡಿಸುತ್ತಿದ್ದರು. ೧೮೮೯ರಲ್ಲಿ ಕಡೂರು, ಬೀರೂರು, ಅಜ್ಜಂಪುರಗಳ ಮೇಲೆ ಹರಿಹರದ ಕಡೆಗೆ ರೈಲು ಬಂದಿತು. ೧೮೯೯ರಲ್ಲಿ ಬೀರೂರಿನಿಂದ ತರೀಕೆರೆಯ ಮೇಲೆ ಶಿವಮೊಗ್ಗೆಗೆ ಕವಲು ಹಾದಿಯಾಯಿತು. ಒಂದು ಹಿಂಡು ಎತ್ತುಗಳು ವಾರಗಟ್ಟಲೆ ಹೊರುವ ಹೇರನ್ನು ಹೊಗೆಬಂಡಿಯು ಒಂದೇ ರಾತ್ರಿಯಲ್ಲಿ ಹೊತ್ತೊಯ್ದಿತು. ಹೇರು ಹೋಯಿತು, ಎತ್ತು ಹೋಯಿತು. ಗಂಡಸರು ಕೂಲಿಗೂ ಸೌದೆಗೂ ಬೇಸಾಯಕ್ಕೂ ತಿರುಗಿದರು. ಹೆಂಗಸರ ಕೈಯಲ್ಲಿದ್ದ ಸೂಜಿ ಮಾತ್ರ ಉಳಿಯಿತು. ಅದೂ ಮಾರುವುದಕ್ಕಾಗಿ ಇದ್ದದ್ದಲ್ಲ, ಉಡುವುದಕ್ಕಾಗಿ, ಮಗಳ ಮದುವೆಗಾಗಿ ಇದ್ದದ್ದು.

ಇಲ್ಲಿ ಒಂದು ಭೇದವನ್ನು ತಿಳಿಯತಕ್ಕದ್ದು. ಕಸೂತಿಯೆಂದೊಡನೆ ನಮ್ಮವರ ಮನಸ್ಸು ಧಾರವಾಡಕ್ಕೆ ಹೋಗುವುದು. ಆ ಕಸೂತಿಯು ಬಟ್ಟೆಯ ಎಳೆಗಳನ್ನೆಣಿಸಿ ಹಾಕುವಂಥದು. ಗಾವಂತಿ, ಮುರ್ಗಿ, ನೇಗಿ, ಮೆಂತೆ ಎಂದು ಅದರಲ್ಲಿ ನಾಲ್ಕು ಬಗೆ. ಗಾವಂತಿ ಮುರ್ಗಿಗಳಲ್ಲಿ ಗಂಟೇ ಇಲ್ಲದೆ ಒಳಮೈ ಹೊರಮೈಗಳೆರಡೂ ಒಂದೇ ಆಗಿ ಕಾಣುವವು. ಗೋಪುರ, ತೇರು, ಆನೆ, ತುಳಸೀಕಟ್ಟೆಗಳು ಅದರ ಚಿತ್ರಗಳು. ಲಂಬಾಣಿಗರ ಕೆಲಸವೇ ಬೇರೆ. ತುಂಡುಬಟ್ಟೆಗಳನ್ನು ಒಂದರ ಮೇಲೊಂದಿಟ್ಟು ದಪ್ಪನೆಯ ದಾರದಿಂದ ಒತ್ತೊತ್ತಾಗಿ ಹೊಲಿದು, ಕನ್ನಡಿಬಿಲ್ಲೆಯ ಸುತ್ತ ದಾರದ ಕಟ್ಟೆ ಕಟ್ಟಿ, ಕವಡೆ, ಮಣಿ, ನಾಣ್ಯಗಳನ್ನು ಸೇರಿಸುವರು. ಫೇಟಿಯಾ ಎಂಬ ಲಂಗ, ಕಾಂಚಳಿ ಎಂಬ ರವಿಕೆ, ತಲೆಯ ಮೇಲಣ ಓಢಣಿ, ಇವೇ ಅದರ ನೆಲೆ. ಧಾರವಾಡದ ಕಸೂತಿಯು ಗಣಿತದಂತೆ. ಇದು ಕೋಟೆ ಕಟ್ಟಿದಂತೆ. ಎರಡನ್ನೂ ಒಂದೇ ಹೆಸರಿನಿಂದ ಕರೆದು ಒಂದೇ ಬೆಲೆ ಕೇಳುವ ಗಿರಾಕಿಗೆ ಎರಡೂ ತಿಳಿಯದೆಂದೇ ಅರ್ಥವು.

ಈ ಕಸುಬಿಗೆ ಒದಗಿರುವ ದೊಡ್ಡ ಹಾನಿಯು ಹೊಸ ಚೀಲ ಅಗ್ಗಕ್ಕೆ ಹೋಗುವುದರಲ್ಲಿಲ್ಲ. ಹಳೆಯ ಫೇಟಿಯಾ ಹೋಗುವುದರಲ್ಲಿದೆ. ಹಳೆಯ ಬಟ್ಟೆಯನ್ನು ಅರಸಿ ತಾಂಡ್ಯಗಳಿಗೆ ಬರುವ ವರ್ತಕರುಂಟು. ಮಗಳ ಕಾಲೇಜಿನ ಶುಲ್ಕಕ್ಕೋ ಆಸ್ಪತ್ರೆಯ ಖರ್ಚಿಗೋ ಎಂದು ಮುದುಕಿಯು ತನ್ನ ಮದುವೆಯ ಉಡುಪನ್ನು ಪೆಟ್ಟಿಗೆಯಿಂದ ತೆಗೆದುಕೊಡುವಳು. ಅದನ್ನು ಕತ್ತರಿಸಿ, ತುಂಡುಗಳನ್ನು ಜೋಡಿಸಿ, ಕೈಚೀಲವನ್ನೋ ಗೋಡೆಗೆ ತೂಗುಹಾಕುವ ಬಟ್ಟೆಯನ್ನೋ ಮಾಡಿ ಪ್ರವಾಸಿಗರಿಗೆ ಮಾರುವರು. ಮುದುಕಿಗೆ ಸಂದದ್ದು ಬಟ್ಟೆಯ ಬೆಲೆ. ಅದರೊಡನೆ ಹೋದದ್ದು ಹೊಲಿಗೆಯ ಪಾಠಪುಸ್ತಕ. ಏಕೆಂದರೆ ಈ ವಿದ್ಯೆಗೆ ಓಲೆಗರಿಯಿಲ್ಲ, ಅಜ್ಜಿಯ ಲಂಗವನ್ನು ತಿರುಗಿಸಿ ನೋಡಿಯೇ ಮೊಮ್ಮಗಳು ಕಲಿಯತಕ್ಕದ್ದು. ಆದುದರಿಂದ ಹೊಸದನ್ನು ಎಷ್ಟು ಬೇಕಾದರೂ ಮಾರಲಿ. ತಾಂಡ್ಯಕ್ಕೊಂದಾದರೂ ಹಳೆಯ ಜೊತೆಯನ್ನು ಮಾರದೆ ಇಟ್ಟುಕೊಳ್ಳತಕ್ಕದ್ದು.

ಇನ್ನು ಬೆಲೆಯ ಮಾತು. ಲೆಕ್ಕವನ್ನು ದೃಷ್ಟಾಂತಕ್ಕಾಗಿ ಹಿಡಿಯೋಣ. ಬಟ್ಟೆಗೆ ೬೦ ರೂಪಾಯಿ, ದಾರ ಕನ್ನಡಿ ಕವಡೆಗಳಿಗೆ ೫೦, ಬಸ್ಸಿಗೂ ನೆಲಬಾಡಿಗೆಗೂ ೪೦, ಒಟ್ಟು ೧೫೦. ಮನೆಗೆಲಸದ ನಡುವೆ ದಿನಕ್ಕೆ ನಾಲ್ಕು ಗಂಟೆಯಂತೆ ಐದು ದಿನ, ಅಂದರೆ ೨೦ ಗಂಟೆ ಹೊಲಿಗೆ. ಎಂಟು ಗಂಟೆಯ ಹೊಲದ ಕೂಲಿಯನ್ನು ೪೦೦ ಎಂದಿಟ್ಟುಕೊಂಡರೆ ಈ ಹೊಲಿಗೆಯ ಕೂಲಿ ೧೦೦೦. ಚೀಲದ ಬೆಲೆಯು ೧೧೫೦ ಆಗಬೇಕು. ಸಂತೆಯಲ್ಲಿ ಅದನ್ನು ೩೦೦ಕ್ಕೆ ಕೊಟ್ಟರೆ ಖರ್ಚು ಕಳೆದು ಉಳಿಯುವುದು ೧೫೦. ಗಂಟೆಗೆ ಏಳೂವರೆ ರೂಪಾಯಿ. ಕಳೆ ಕೀಳಲು ಈ ಕೂಲಿಗೆ ಯಾರನ್ನಾದರೂ ಕರೆದರೆ ಬಾರರು. ಹೀಗಿದ್ದೂ ಅವಳು ಲಾಭವಾಯಿತೆಂದೇ ತಿಳಿಯುವಳು, ಏಕೆಂದರೆ ತನ್ನ ಹೊತ್ತಿಗೆ ಬೆಲೆ ಕಟ್ಟುವುದನ್ನು ಅವಳಿಗೆ ಯಾರೂ ಹೇಳಿಕೊಟ್ಟಿಲ್ಲ.

ಕಡೂರಿನ ಸಂತೆಯಲ್ಲಿ ೧೧೫೦ ಕೊಟ್ಟು ಚೀಲ ಕೊಳ್ಳುವವರು ಎಲ್ಲಿ ಎಂದು ಯಾರಾದರೂ ಕೇಳಬಹುದು. ನ್ಯಾಯವಾದ ಆಕ್ಷೇಪವೇ. ಯಂತ್ರದಲ್ಲಿ ಅಚ್ಚೊತ್ತಿದ, ಪ್ಲಾಸ್ಟಿಕ್ಕಿನ ಕನ್ನಡಿ ಅಂಟಿಸಿದ ಚೀಲವು ಪಕ್ಕದ ಅಂಗಡಿಯಲ್ಲಿಯೇ ತೂಗುತ್ತಿರುವಾಗ ಸಂತೆಗೆ ಬಂದ ರೈತನು ಅದನ್ನೇ ಕೊಳ್ಳುವನು. ಅವನ ತಪ್ಪಲ್ಲ. ಸಂತೆಗೆ ಎರಡು ಗಂಟೆಯ ಕೆಲಸದ ಪದಾರ್ಥವನ್ನು ತರಬೇಕು: ಎಲೆಯಡಿಕೆಯ ಸಂಚಿ, ಮಗುವಿನ ಕುಲಾವಿ, ರವಿಕೆಯ ತೋಳಿನ ಅಂಚು. ಇಪ್ಪತ್ತು ಗಂಟೆಯ ಕೆಲಸವನ್ನು ಮೊದಲೇ ಒಪ್ಪಿದ ಬೆಲೆಗೆ, ಮುಂಗಡ ಹಿಡಿದು ಮಾಡತಕ್ಕದ್ದು. ಇಲ್ಲವೆ ನಗರಗಳ ಕರಕುಶಲ ಮೇಳಗಳಿಗೆ ಕೊಂಡೊಯ್ಯತಕ್ಕದ್ದು.

ಬೆಲೆಯ ವಿಚಾರದಲ್ಲಿ ಶರಣರ ಕಥೆಯೊಂದು ಈ ಸೀಮೆಗೇ ಸೇರಿದ್ದು. ಸೂಜಿಕಾಯಕದ ರಾಮಿತಂದೆ, ಕದಿರಕಾಯಕದ ರೆಮ್ಮವ್ವೆಯರಂತೆ ನುಲಿಯ ಚಂದಯ್ಯನೂ ಕೈಗೆಲಸದವನು. ಹುಲ್ಲು ಕೊಯ್ದು ಹಗ್ಗ ಹೊಸೆದು ಮಾರುತ್ತಿದ್ದನು. ಅಕ್ಕನಾಗಮ್ಮನೊಡನೆ ಆತನು ಕಲ್ಯಾಣದಿಂದ ಈ ಕಡೆಗೆ ಬಂದನೆಂದೂ, ಆಕೆಯು ತರೀಕೆರೆಯ ಬಳಿಯ ಎಣ್ಣೆಹೊಳೆಯಲ್ಲಿ ಐಕ್ಯಳಾದಳೆಂದೂ ಐತಿಹ್ಯವುಂಟು. ಆತನ ಹಗ್ಗಕ್ಕೆ ಒಮ್ಮೆ ಬಸವಣ್ಣನು ಬೆಲೆಗೆ ಮೀರಿದ ಹೊನ್ನನ್ನು ಕೊಡಲು ಚಂದಯ್ಯನು ಅದನ್ನು ಒಪ್ಪದೆ ಸಲ್ಲತಕ್ಕಷ್ಟನ್ನೇ ಬೇಡಿದನಂತೆ. ಈ ಕಥೆಯನ್ನು ಹೇಳುವವರು ಹೆಚ್ಚನ್ನು ನಿರಾಕರಿಸಿದ ಭಾಗವನ್ನೇ ಹೊಗಳುವರು. ತನ್ನ ಹಗ್ಗಕ್ಕೆ ಸಲ್ಲತಕ್ಕದ್ದು ಎಷ್ಟೆಂಬುದು ಆತನಿಗೆ ಕರಾರುವಾಕ್ಕಾಗಿ ಗೊತ್ತಿತ್ತೆಂಬುದನ್ನು ಯಾರೂ ಗಮನಿಸುವುದಿಲ್ಲ. ಸಂತೆಯಲ್ಲಿ ಚೌಕಾಸಿ ಮಾಡಿ ಅರ್ಧಕ್ಕೆ ಇಳಿಸಿ ಬಂದು ಮನೆಯಲ್ಲಿ ಕಾಯಕದ ಮಾತಾಡುವವರು ಇದನ್ನು ಆಲೋಚಿಸಬಹುದು.

ಸಂಡೂರಿನಲ್ಲಿ ಲಂಬಾಣಿ ಹೆಂಗಸರು ಕುಶಲ ಕಲಾ ಕೇಂದ್ರದ ಮೂಲಕ ಒಟ್ಟುಗೂಡಿ ಈ ಕೆಲಸವನ್ನು ದೂರದೂರಿಗೆ ಮಾರುತ್ತಿರುವರು. ಸಂಡೂರು ಲಂಬಾಣಿ ಕಸೂತಿಗೆ ಭೌಗೋಳಿಕ ಸೂಚಕದ ರಕ್ಷಣೆಯೂ ದೊರೆತಿದೆ. ೨೦೨೩ರ ಜುಲೈಯಲ್ಲಿ ಹಂಪೆಯಲ್ಲಿ ಜಿ-೨೦ ಸಭೆಯ ಸಂದರ್ಭಕ್ಕೆ ಅವರ ೧೭೫೫ ವಸ್ತುಗಳ ಪ್ರದರ್ಶನವು ಗಿನ್ನೆಸ್ ದಾಖಲೆಗೆ ಸೇರಿತು. ಅಲ್ಲಿಯ ಹೆಸರನ್ನು ಇಲ್ಲಿಯ ಕೆಲಸಕ್ಕೆ ಅಂಟಿಸಿ ಮಾರುವುದು ಕಾನೂನಿಗೂ ಧರ್ಮಕ್ಕೂ ಸಲ್ಲದು. ಇಲ್ಲಿಯವರು ತಮ್ಮ ತಾಂಡ್ಯದ ಹೆಸರನ್ನೇ ಚೀಟಿಯ ಮೇಲೆ ಬರೆಯಿಸಿ, ಹೊಲಿದವಳ ಹೆಸರನ್ನೂ ಕೆಲಸದ ಗಂಟೆಗಳನ್ನೂ ಕೆಳಗೆ ಕಾಣಿಸಲಿ. ಗಂಟೆಗಳನ್ನು ಓದಿದ ಗಿರಾಕಿಯ ಬಾಯಲ್ಲಿ ಅರ್ಧಬೆಲೆಯ ಮಾತು ಅಷ್ಟು ಸುಲಭವಾಗಿ ಹೊರಡದು.

ಇಲ್ಲಿಯದೇ ಆದ ಗಿರಾಕಿಯೂ ಒಬ್ಬನುಂಟು. ಅಜ್ಜಂಪುರವು ಅಮೃತಮಹಲ್ ತಳಿಯ ಸಂವರ್ಧನ ಕೇಂದ್ರವಿರುವ ಊರು. ಅಂತರಘಟ್ಟೆಯ ದುರ್ಗಾಂಬೆಯ ಜಾತ್ರೆಗೆ ಈ ಸೀಮೆಯ ರೈತರು ಇಂದಿಗೂ ಎತ್ತಿನ ಗಾಡಿಗಳನ್ನು ಶೃಂಗರಿಸಿಕೊಂಡು ಸಾಲುಸಾಲಾಗಿ ಹೋಗುವರು. ಎತ್ತಿನ ಬೆನ್ನಿಗೆ ಜೂಲು ಬೇಕು, ಹಣೆಗೆ ಪಟ್ಟಿ ಬೇಕು. ಸಂಚಿಗೆ ಚೌಕಾಸಿ ಮಾಡುವ ರೈತನು ಎತ್ತಿನ ಜೂಲಿಗೆ ಮಾಡನು. ನೆರೆಯವನ ಜೋಡಿಗಿಂತ ತನ್ನ ಜೋಡಿ ಮಂಕಾಗಿ ಕಾಣುವುದನ್ನು ಅವನು ಸಹಿಸನು. ಹೇರೆತ್ತುಗಳಿಗೆ ಅಲಂಕಾರ ಹೊಲಿದ ಕೈಗಳ ಮೊಮ್ಮಕ್ಕಳು ಇಲ್ಲಿಯೇ ಇರುವರು. ಜೋಡಿ ಜೂಲಿಗೆ ವಾರಗಟ್ಟಲೆ ಹೊಲಿಗೆ ಹಿಡಿಯುವುದು. ಜಾತ್ರೆಯು ಫೆಬ್ರವರಿಯ ಸುಮಾರಿಗೆ ಬರುವುದಾದುದರಿಂದ ರೈತರಿಂದ ಅಳತೆಯನ್ನೂ ಮುಂಗಡವನ್ನೂ ಕಾರ್ತಿಕದಲ್ಲಿಯೇ ತೆಗೆದುಕೊಂಡಿರಬೇಕು.