ಕಾರ್ಮಿಕರ ಉಸಿರು, ಪಂಚಾಯಿತಿಯ ಹೊಣೆ

(ಕೋಲಾರ, ಮಾಲೂರು, ಮುಳಬಾಗಿಲು ಹಾಗೂ ಶ್ರೀನಿವಾಸಪುರ ತಾಲ್ಲೂಕುಗಳ ಗ್ರಾಮ ಪಂಚಾಯಿತಿ ಸದಸ್ಯರಿಗಾಗಿ ನೀಡಿದ ಉಪನ್ಯಾಸದ ಪಠ್ಯ)



ದುಡಿಮೆಯಲ್ಲಿ ಪ್ರಾಣ ತೆತ್ತವರನ್ನೂ ಗಾಯಗೊಂಡವರನ್ನೂ ಸ್ಮರಿಸುವ ದಿನವನ್ನಾಗಿ ಏಪ್ರಿಲ್ 28ನ್ನು ಜಗತ್ತಿನ ಕಾರ್ಮಿಕ ಸಂಘಟನೆಗಳು ಆಚರಿಸುತ್ತವೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯು 2003ರಿಂದ ಅದೇ ದಿನವನ್ನು ಕೆಲಸದ ಸ್ಥಳದ ಸುರಕ್ಷತೆ ಮತ್ತು ಆರೋಗ್ಯದ ವಿಶ್ವ ದಿನವೆಂದು ಆಚರಿಸುತ್ತಿದೆ. ಭಾರತದಲ್ಲಿ ಮಾರ್ಚ್ 4 ರಾಷ್ಟ್ರೀಯ ಸುರಕ್ಷತಾ ದಿನ. ಆದರೆ ಎರಡು ನಿಮಿಷದ ಮೌನದಿಂದ ಸ್ಮರಣೆ ಪೂರ್ಣವಾಗದು. ಒಬ್ಬರ ಜೀವ ತೆಗೆದ ಕಾರಣ ಮತ್ತೊಬ್ಬರ ಜೀವ ತೆಗೆಯದಂತೆ ನೋಡಿಕೊಳ್ಳುವುದೇ ಸತ್ತವರಿಗೆ ಸಲ್ಲುವ ಗೌರವ.

ಈ ಪಾಠವನ್ನು ಕೋಲಾರ ಜಿಲ್ಲೆ ಬಹಳ ಬೆಲೆ ತೆತ್ತು ಕಲಿತಿದೆ. ಕೆಜಿಎಫ್ ಚಿನ್ನದ ಗಣಿಗಳು 1880ರ ದಶಕದಿಂದ 2001ರ ಫೆಬ್ರುವರಿ 28ರವರೆಗೆ ನಡೆದವು. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿಯಿತು. ಆ ಆಳದಲ್ಲಿ ಬಂಡೆ ಸಿಡಿದು ಸತ್ತವನ ಸಾವು ಎಲ್ಲರಿಗೂ ಕಾಣುವಂಥದ್ದು. ಕಲ್ಲಿನ ಧೂಳನ್ನು ಉಸಿರಾಡಿ, ವರ್ಷಗಟ್ಟಲೆ ಕೆಮ್ಮಿ, ಮನೆಯ ಮೂಲೆಯಲ್ಲಿ ಸತ್ತವನ ಸಾವು ಹಾಗಲ್ಲ. 1940ರಿಂದ 1946ರವರೆಗೆ ಅಲ್ಲಿ 7,653 ಕಾರ್ಮಿಕರನ್ನು ತಪಾಸಣೆ ಮಾಡಿದಾಗ ಶೇಕಡ 43.7ರಷ್ಟು ಮಂದಿಯಲ್ಲಿ ಸಿಲಿಕೋಸಿಸ್ ಎಂಬ ಶ್ವಾಸಕೋಶದ ಕಾಯಿಲೆ ಕಂಡುಬಂದಿತು. ಎಣಿಸಲು ಹೊರಟಾಗಲೇ ಆ ನೋವಿನ ಗಾತ್ರ ತಿಳಿದದ್ದು.

ಗಣಿ ಮುಚ್ಚಿತು, ಧೂಳು ಮುಗಿಯಲಿಲ್ಲ. ಕಲ್ಲು ಕ್ವಾರಿ ಮತ್ತು ಜಲ್ಲಿ ಕ್ರಷರ್‌ಗಳಲ್ಲಿ ದುಡಿಯುವವರು, ಮಾಲೂರು ತಾಲ್ಲೂಕಿನ ಶಿವಾರಪಟ್ಟಣದಂಥ ಊರುಗಳಲ್ಲಿ ಯಂತ್ರದಿಂದ ಕಲ್ಲು ಕೊರೆಯುವ ಶಿಲ್ಪಿಗಳು, ಎಲ್ಲರೂ ಕಲ್ಲಿನ ಧೂಳಿನ ನಡುವೆಯೇ ಇದ್ದಾರೆ. ಸಿಲಿಕೋಸಿಸ್ ವಾಸಿಯಾಗುವ ರೋಗವಲ್ಲ. ಕ್ಷಯದಂತೆಯೇ ಕಾಣುವುದರಿಂದ ಎಷ್ಟೋ ವೇಳೆ ಅದು ಗುರುತಾಗದೆ ಉಳಿಯುತ್ತದೆ. ಅದು ಇದ್ದವರಿಗೆ ಕ್ಷಯ ತಗಲುವ ಸಂಭವವೂ ಹೆಚ್ಚು. ಮುಖಕ್ಕೆ ಸುತ್ತಿದ ಟವೆಲ್ ಈ ಸೂಕ್ಷ್ಮ ಧೂಳನ್ನು ತಡೆಯದು. ಕೊರೆಯುವಾಗ ಮತ್ತು ಪುಡಿಮಾಡುವಾಗ ನೀರು ಹಾಯಿಸುವುದು, ಧೂಳೇಳುವ ಯಂತ್ರವನ್ನು ಮುಚ್ಚುವುದು, ಧೂಳು ತಡೆಯುವ ತಕ್ಕ ಮಾಸ್ಕ್ ಕೊಡುವುದು ಮಾಲೀಕರ ಕರ್ತವ್ಯ. ಅದು ನಡೆಯುತ್ತಿದೆಯೇ ಎಂದು ಸ್ಥಳಕ್ಕೆ ಹೋಗಿ ನೋಡುವುದು, ನಡೆಯದಿದ್ದರೆ ಸಂಬಂಧಪಟ್ಟ ಇಲಾಖೆಗೆ ಬರೆಯುವುದು ಸದಸ್ಯರಿಂದ ಆಗುವ ಕೆಲಸ. ಕೆಮ್ಮಿನಿಂದ ಆಸ್ಪತ್ರೆಗೆ ಹೋಗುವ ಕಾರ್ಮಿಕನು ತಾನು ಎಲ್ಲಿ, ಎಷ್ಟು ವರ್ಷ ಕಲ್ಲಿನ ಕೆಲಸ ಮಾಡಿದೆನೆಂದು ವೈದ್ಯರಿಗೆ ಹೇಳಬೇಕು. ಸಿಲಿಕೋಸಿಸ್ ಕಾನೂನಿನ ಪ್ರಕಾರ ಔದ್ಯೋಗಿಕ ರೋಗ; ಆ ವಿವರ ಚೀಟಿಯಲ್ಲಿ ದಾಖಲಾಗದಿದ್ದರೆ ಮುಂದೆ ಪರಿಹಾರ ಕೇಳುವುದು ಕಷ್ಟವಾಗುತ್ತದೆ.

ಉಸಿರಿಗೆ ಬರುವ ಎರಡನೆಯ ಕುತ್ತು ಪಂಚಾಯಿತಿಗೆ ಇನ್ನೂ ಹತ್ತಿರದ್ದು: ಶೌಚದ ಗುಂಡಿ. ಮುಚ್ಚಿದ ಗುಂಡಿಯಲ್ಲಿ ಆಮ್ಲಜನಕ ಕಡಿಮೆ, ವಿಷಾನಿಲ ಹೆಚ್ಚು. ಇಳಿದವನು ಕೂಗುವ ಮೊದಲೇ ಪ್ರಜ್ಞೆ ತಪ್ಪುತ್ತಾನೆ. ಅವನನ್ನು ಎತ್ತಲು ಇಳಿದವನೂ ಅಲ್ಲೇ ಉಳಿಯುತ್ತಾನೆ. ರಕ್ಷಣಾ ಸಾಧನಗಳಿಲ್ಲದೆ ಮನುಷ್ಯರನ್ನು ಚರಂಡಿ ಗುಂಡಿಗೆ ಅಥವಾ ಸೆಪ್ಟಿಕ್ ಟ್ಯಾಂಕಿಗೆ ಇಳಿಸುವುದನ್ನು 2013ರ ಕಾಯ್ದೆ ನಿಷೇಧಿಸಿದೆ. ಮೊದಲ ಅಪರಾಧಕ್ಕೆ ಎರಡು ವರ್ಷದವರೆಗೆ ಸೆರೆವಾಸ ಅಥವಾ 2 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ ಆಗಬಹುದು. ಈ ನಿಷೇಧಕ್ಕೆ ಸ್ಥಳೀಯ ಸಂಸ್ಥೆಯೂ ಹೊರತಲ್ಲ. ಇಂಥ ಸಾವಿಗೆ 10 ಲಕ್ಷ ರೂಪಾಯಿ ಪರಿಹಾರ ನೀಡಬೇಕೆಂದು 2014ರಲ್ಲಿ ಆದೇಶಿಸಿದ್ದ ಸುಪ್ರೀಂ ಕೋರ್ಟ್, 2023ರ ಅಕ್ಟೋಬರ್ 20ರಂದು ಆ ಮೊತ್ತವನ್ನು 30 ಲಕ್ಷಕ್ಕೆ ಏರಿಸಿತು. ಶಾಶ್ವತ ಅಂಗವೈಕಲ್ಯವಾದರೆ ಪರಿಹಾರ 20 ಲಕ್ಷಕ್ಕೆ ಕಡಿಮೆಯಾಗಬಾರದೆಂದೂ ಹೇಳಿತು. ಆದ್ದರಿಂದ ಗುಂಡಿ ತುಂಬಿದ ಮನೆಯವರು ಮೊದಲು ಪಂಚಾಯಿತಿಗೆ ತಿಳಿಸಬೇಕು. ಪಂಚಾಯಿತಿಯು ಹೀರುವ ಯಂತ್ರದ ವಾಹನವನ್ನು ಕರೆಸಿಕೊಡಬೇಕು. ಎರಡು ಗುಂಡಿಯ ಶೌಚಾಲಯವಿದ್ದಲ್ಲಿ, ತುಂಬಿದ ಗುಂಡಿಯನ್ನು ಮುಚ್ಚಿ ಒಂದೂವರೆ ವರ್ಷ ಬಿಟ್ಟರೆ ಅದು ಗೊಬ್ಬರವಾಗುತ್ತದೆ.

ಮೂರನೆಯದು ಹೊಲ, ತೋಟಗಳಲ್ಲಿದೆ. ಶ್ರೀನಿವಾಸಪುರದ ಮಾವಿಗೂ ಕೋಲಾರ, ಮುಳಬಾಗಿಲಿನ ಟೊಮೆಟೊಗೂ ಔಷಧಿ ಸಿಂಪಡಿಸುವವರು ಹೆಚ್ಚಾಗಿ ದಿನಗೂಲಿಯವರು. ಡಬ್ಬಿಯ ಮೇಲಿನ ಕೆಂಪು ತ್ರಿಕೋನವು ಅತ್ಯಂತ ತೀವ್ರ ವಿಷದ ಗುರುತು. ಹಳದಿ, ನೀಲಿ, ಹಸಿರು ಕ್ರಮವಾಗಿ ಅದಕ್ಕಿಂತ ಕಡಿಮೆ. ಓದು ಬಾರದವರಿಗೂ ಈ ಬಣ್ಣಗಳನ್ನು ತಿಳಿಸಿಕೊಡಬಹುದು. ಗಾಳಿಗೆ ಎದುರಾಗಿ ಸಿಂಪಡಿಸದಿರುವುದು, ಕೈಗವಸು ಹಾಗೂ ಮಾಸ್ಕ್ ಧರಿಸುವುದು, ಕೈ ತೊಳೆಯದೆ ಊಟಕ್ಕೆ ಕೂರದಿರುವುದು, ಖಾಲಿ ಡಬ್ಬಿಯಲ್ಲಿ ನೀರು ತುಂಬದಿರುವುದು, ಇವು ಗ್ರಾಮಸಭೆಯಲ್ಲಿ ಹೇಳಲೇಬೇಕಾದ ಮಾತುಗಳು.

ಮಾನ್ಯ ಸದಸ್ಯರೇ, ಕೆಜಿಎಫ್‌ನಲ್ಲಿ ಎಣಿಸಿದ ಮೇಲೆ ಕಂಡದ್ದು ಗ್ರಾಮದಲ್ಲಿಯೂ ಎಣಿಸಿದರೆ ಮಾತ್ರ ಕಂಡೀತು. ಪ್ರತಿಯೊಂದು ಪಂಚಾಯಿತಿಯೂ ಒಂದು ವಹಿಯನ್ನು ತೆರೆಯಲಿ. ವ್ಯಾಪ್ತಿಯಲ್ಲಿ ಕೆಲಸದ ಕಾರಣದಿಂದ ಸತ್ತವರ, ಗಾಯಗೊಂಡವರ, ಉಸಿರಿನ ಕಾಯಿಲೆಗೆ ಬಿದ್ದವರ ಹೆಸರು ಅದರಲ್ಲಿ ಇರಲಿ. ಹೊರಜಿಲ್ಲೆ, ಹೊರರಾಜ್ಯಗಳಿಂದ ಬಂದು ದುಡಿಯುವವರ ಹೆಸರೂ ಬಿಟ್ಟುಹೋಗದಿರಲಿ. ಪ್ರತಿ ಹೆಸರಿನ ಮುಂದೆ ಮೂರು ಅಂಕಣಗಳು ಸಾಕು: ಕಾರಣವೇನು, ಕುಟುಂಬಕ್ಕೆ ಪರಿಹಾರ ದೊರೆಯಿತೇ, ಆ ಸ್ಥಳದಲ್ಲಿ ಏನು ಬದಲಾಯಿತು. ವರ್ಷಕ್ಕೊಮ್ಮೆ ಏಪ್ರಿಲ್ 28ರಂದು ಆ ಹೆಸರುಗಳನ್ನು ಸಭೆಯಲ್ಲಿ ಓದಲಿ. ಮೂರನೆಯ ಅಂಕಣ ಖಾಲಿ ಇದ್ದಲ್ಲಿ, ಅದನ್ನು ತುಂಬುವ ನಿರ್ಣಯವನ್ನು ಅಂದೇ ಕೈಗೊಳ್ಳಲಿ.