ಕೂತು ನೋಡುವ ತೋಟ

ಉದ್ಯಾನವೆಂದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವುದು ಹೂವಿನ ಪಾತಿ, ಕಾರಂಜಿ, ಅಡ್ಡಾಡುವ ಜನ. ಲಾಲ್‌ಬಾಗನ್ನು ಕಂಡು ಬೆಳೆದವನಿಗೆ ಬೇರೆ ಕಲ್ಪನೆ ಬರುವುದಾದರೂ ಹೇಗೆ? ಅದೇ ಎಣಿಕೆಯಿಂದ ನಾನು ಜಪಾನಿನ ಕ್ಯೋಟೋ ನಗರದ ರ್ಯೋಆಂಜಿ ದೇವಾಲಯಕ್ಕೆ ಹೋದೆ. ಅಲ್ಲಿ ಹೂವಿಲ್ಲ. ತೋಟದೊಳಗೆ ನೀರೂ ಇಲ್ಲ. ಮಣ್ಣಿನ ಗಿಡ್ಡ ಗೋಡೆಯ ಮಗ್ಗುಲಲ್ಲಿ ಸುಮಾರು 25 ಮೀಟರ್ ಉದ್ದ, 10 ಮೀಟರ್ ಅಗಲದ ಅಂಗಳ. ಅದರ ತುಂಬ ಬಿಳಿಯ ಸಣ್ಣ ಕಲ್ಲು. ನಡುನಡುವೆ 15 ಬಂಡೆಗಳು, ಅವುಗಳ ಬುಡದಲ್ಲಿ ಹಸುರು ಪಾಚಿ. ಸಣ್ಣ ಕಲ್ಲಿನ ಮೇಲೆ ನೀರಿನ ಅಲೆಯೆಂಬಂತೆ ಗೀರು ಎಳೆದಿದ್ದಾರೆ. ಒಳಗೆ ಕಾಲಿಡುವಂತಿಲ್ಲ. ಪಾದರಕ್ಷೆ ಕಳಚಿ ಮರದ ಜಗಲಿಯ ಮೇಲೆ ಕೂರಬೇಕು, ಅಷ್ಟೆ.

ನಾನು ಬಂಡೆಗಳನ್ನು ಎಣಿಸಲು ಹೊರಟೆ. ಹದಿನಾಲ್ಕೇ ಸಿಕ್ಕಿದವು. ತುಸು ಸರಿದು ಕೂತೆ. ಕಾಣದಿದ್ದುದು ಕಂಡಿತು, ಕಂಡಿದ್ದೊಂದು ಮರೆಯಾಯಿತು. ಜಗಲಿಯ ಮೇಲೆ ಎಲ್ಲಿ ಕೂತರೂ ಒಂದಾದರೂ ಮರೆಯಲ್ಲುಳಿಯುವಂತೆ ಅವನ್ನು ಇಟ್ಟಿದ್ದಾರೆ. ಎಣಿಕೆ ಬಿಟ್ಟು ಸುಮ್ಮನಾದೆ. ಆಗ ನೆನಪಾದದ್ದು, ನಗಬೇಡಿ, ನಮ್ಮ ಹಳೇಬೀಡು.

ಬಹಳ ವರ್ಷಗಳ ಹಿಂದೆ ನಮ್ಮ ತಾಯಿಯವರೊಡನೆ ಅರಸೀಕೆರೆಯಲ್ಲಿ ರೈಲಿಳಿದಿದ್ದೆ. ಬೇಲೂರು, ಹಳೇಬೀಡು ಎರಡನ್ನೂ ಒಂದೇ ದಿನದಲ್ಲಿ ‘ಮುಗಿಸುವ’ ಆತುರ ನನಗೆ. ಅರಸೀಕೆರೆಯ ಈಶ್ವರ ದೇವಾಲಯ 1220ರದು. ಅದರ ಮುಂದೆ ಹದಿನಾರು ಮೂಲೆಯ ನಕ್ಷತ್ರದಂಥ ತೆರೆದ ಮಂಟಪ, ಒಳಸುತ್ತಿಗೆ ಕಲ್ಲಿನ ಜಗಲಿ. ಕೂರಲೆಂದೇ ಕಟ್ಟಿದ್ದು. ತಾಯಿಯವರು ಕೂತರು. ಬಸ್ಸು ತಪ್ಪುತ್ತದೆಂದು ಹತ್ತು ನಿಮಿಷದಲ್ಲಿ ಎಬ್ಬಿಸಿದೆ. ಬೇಲೂರಿನಲ್ಲಿ 1117ರಲ್ಲಿ ಪ್ರತಿಷ್ಠೆಯಾದ ಚೆನ್ನಕೇಶವನ ಗುಡಿಯ ಹೊರಗಿನ 38 ಮದನಿಕೆಯರನ್ನೂ ಲೆಕ್ಕ ಹಾಕಿ ತೋರಿಸಿದೆ. ಪಾಪ, ಅವರಿಗೆ ಕತ್ತು ನೋವು.

ಹಳೇಬೀಡಿಗೆ ಬರುವ ಹೊತ್ತಿಗೆ ಅವರು ಸಾಕಾಗಿದ್ದರು. ಪೂರ್ವದ ನಂದಿಮಂಟಪದ ಹಿಂದೆ, ಕೆರೆಗೆ ಮುಖ ಮಾಡಿ ಕೂತುಬಿಟ್ಟರು.

“ಕೆರೆ ನೋಡೋಕೆ ಇಷ್ಟು ದೂರ ಬರಬೇಕಿತ್ತೇನಮ್ಮ?” ಎಂದೆ.

“ನೀನು ಕಲ್ಲು ನೋಡ್ಕೊಂಡು ಬಾಪ್ಪ. ನಾನು ಇಲ್ಲಿರ್ತೀನಿ.”

ಸಿಡುಕಿದೆ. ಆನೆ, ಕುದುರೆ, ಹಂಸಗಳ ಸಾಲನ್ನು ಒಬ್ಬನೇ ಸುತ್ತಿ ಬಂದೆ.

ಆ ಊರಿಗೆ ಹಿಂದೆ ದೋರಸಮುದ್ರವೆಂಬ ಹೆಸರಿತ್ತು. ಹೊಯ್ಸಳರ ರಾಜಧಾನಿ ಹೆಸರು ಪಡೆದದ್ದು ಕಲ್ಲಿನಿಂದಲ್ಲ, ನೀರಿನಿಂದ. ದೂರದ ಬೆಟ್ಟವನ್ನೋ ಮರಗಳನ್ನೋ ತಮ್ಮ ತೋಟದ ನೋಟಕ್ಕೆ ಸೇರಿಸಿಕೊಳ್ಳುವ ಪದ್ಧತಿ ಜಪಾನೀಯರಲ್ಲಿದೆ. ಅದನ್ನು ಅವರು ‘ಶಕ್ಕೆಯಿ’ ಎನ್ನುತ್ತಾರೆ, ಎಂದರೆ ಎರವಲು ತಂದ ನೋಟ. ನಮ್ಮ ಶಿಲ್ಪಿಗಳು ಹಾಗೆ ಯೋಚಿಸಿದರೆಂದು ನಾನು ವಾದಿಸಲಾರೆ. ಆದರೆ ನಂದಿಯ ಬೆನ್ನ ಹಿಂದೆ ಆ ನೀರು ಇಲ್ಲದಿದ್ದರೆ ಗುಡಿ ಬಡವಾಗುತ್ತಿತ್ತು.

2023ರಲ್ಲಿ ಬೇಲೂರು, ಹಳೇಬೀಡು ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಮೇಲೆ ಮತ್ತೊಮ್ಮೆ ಹೋಗಿದ್ದೆ. ತಾಯಿಯವರು ಈಗಿಲ್ಲ. ಅವರು ಕೂತಿದ್ದ ಕಡೆಯೇ ಕೂತೆ. ಅಲ್ಲಿಂದ ಒಂದು ಕೆತ್ತನೆಯೂ ಕಾಣುವುದಿಲ್ಲ. ಕೆರೆಯ ಮೇಲೆ ಬೆಳ್ಳಕ್ಕಿಯೊಂದು ತಗ್ಗಾಗಿ ಹಾರಿ ಆಚೆ ದಡಕ್ಕೆ ಹೋಯಿತು. ಯಾರೋ ಹುಡುಗ ತನ್ನ ತಂದೆಯನ್ನು ಬಸ್ಸಿಗೆ ಹೊತ್ತಾಯಿತೆಂದು ಕೂಗುತ್ತಿದ್ದ.