ಶಾಲೆ ಬಿಟ್ಟ ಕಾರಣ
(ಶಾಲೆಯ ಶತಮಾನೋತ್ಸವ ಸಮಾರಂಭದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣ)



ಇಂದು ನಾನು ಮಾತನಾಡಬೇಕಾದ ವಿಷಯ ‘ಬೆಳೆಯುತ್ತಿರುವ ನಗರಗಳು ಮತ್ತು ಜನಸಂಖ್ಯೆ’ ಎಂದು ಆಮಂತ್ರಣ ಪತ್ರಿಕೆಯಲ್ಲಿ ಅಚ್ಚಾಗಿದೆ. ಮಕ್ತಲ್ ಸೀಮೆಯ ಒಂದು ಕನ್ನಡ ಶಾಲೆ ನೂರು ತುಂಬಿದ ಸಂತೋಷದಲ್ಲಿರುವಾಗ ಹೈದರಾಬಾದಿನ ಬೆಳವಣಿಗೆಯ ಮಾತು ಏತಕ್ಕೆ ಎಂದು ಕೆಲವರಿಗೆ ಅನ್ನಿಸಿರಬಹುದು. ನನಗೂ ಅನ್ನಿಸಿತ್ತು. ಈ ಬೆಳಗ್ಗೆ ಮುಖ್ಯೋಪಾಧ್ಯಾಯರು ಶಾಲೆಯ ಹಳೆಯ ದಾಖಲಾತಿ ಪುಸ್ತಕಗಳನ್ನು ಬಿಚ್ಚಿ ತೋರಿಸಿದ ಮೇಲೆ ಆ ಸಂದೇಹ ಉಳಿಯಲಿಲ್ಲ.

ಆ ಪುಸ್ತಕದಲ್ಲಿ ಮಗುವಿನ ಹೆಸರು, ತಂದೆಯ ಹೆಸರು, ಹುಟ್ಟಿದ ದಿನ, ಮಾತೃಭಾಷೆ ಎಲ್ಲವನ್ನೂ ಬರೆದ ಮೇಲೆ ಕೊನೆಗೆ ಒಂದು ಅಂಕಣವಿದೆ: ‘ಶಾಲೆ ಬಿಟ್ಟ ಕಾರಣ’. ಹಳೆಯ ಪುಟಗಳಲ್ಲಿ ಅಲ್ಲಿ ಹಲವು ಬಗೆಯ ಉತ್ತರಗಳಿವೆ. ತೇರ್ಗಡೆ, ಮದುವೆ, ಹೊಲದ ಕೆಲಸ, ತಂದೆಯ ಮರಣ. ಬರಬರುತ್ತ ಒಂದೇ ಉತ್ತರ ಮತ್ತೆ ಮತ್ತೆ ಕಾಣಿಸುತ್ತದೆ: ‘ಗುಳೆ ಹೋಗಿದ್ದಾರೆ.’ ನಗರದ ಬೆಳವಣಿಗೆಯ ಲೆಕ್ಕ ನಗರಸಭೆಯ ಕಡತಗಳಲ್ಲಿ ಮಾತ್ರ ಇದೆಯೆಂದು ತಿಳಿದಿದ್ದೆ. ಅದರ ಇನ್ನೊಂದು ಪ್ರತಿ ನಮ್ಮ ಶಾಲೆಯ ಕಪಾಟಿನಲ್ಲಿದೆ.

ಮೊದಲು ನಗರದ ಕಡೆಯ ಲೆಕ್ಕವನ್ನು ನೋಡೋಣ. 1921ರ ಜನಗಣತಿಯಲ್ಲಿ ಹೈದರಾಬಾದಿನ ಜನಸಂಖ್ಯೆ ಸುಮಾರು ನಾಲ್ಕು ಲಕ್ಷ. 1908ರ ಮೂಸಿ ಪ್ರವಾಹದ ಬಳಿಕ ನಿಜಾಮ ಸರ್ಕಾರ ನಮ್ಮ ಸರ್ ಎಂ. ವಿಶ್ವೇಶ್ವರಯ್ಯನವರನ್ನು ಕರೆಸಿಕೊಂಡಿತು. ಅವರ ಸಲಹೆಯ ಫಲವಾಗಿ 1920ರಲ್ಲಿ ಉಸ್ಮಾನ್ ಸಾಗರ, 1927ರಲ್ಲಿ ಹಿಮಾಯತ್ ಸಾಗರ ಪೂರ್ಣಗೊಂಡವು. ಈ ಶಾಲೆಯ ಬಾಗಿಲು ತೆರೆದ ದಶಕದಲ್ಲಿ ಆ ನಗರಕ್ಕೆ ಎರಡು ಕೆರೆಗಳ ನೀರು ಸಾಕಾಗಿತ್ತು. 2011ರ ಗಣತಿಯ ವೇಳೆಗೆ ಬೃಹತ್ ಹೈದರಾಬಾದ್ ನಗರಪಾಲಿಕೆಯ ಜನಸಂಖ್ಯೆ 67 ಲಕ್ಷವನ್ನು ದಾಟಿತ್ತು.

ಇಷ್ಟು ಜನ ಎಲ್ಲಿಂದ ಬಂದರು? ‘ಹೆರಿಗೆ ಹೆಚ್ಚಾದದ್ದರಿಂದ’ ಎನ್ನುವುದು ನಮ್ಮ ಬಾಯಲ್ಲಿ ಸುಲಭವಾಗಿ ಬರುವ ಉತ್ತರ. ಇಂದಿನ ಮಟ್ಟಿಗೆ ಆ ಉತ್ತರ ಸಲ್ಲದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ತೆಲಂಗಾಣದಲ್ಲಿ ಒಬ್ಬ ಮಹಿಳೆಗೆ ಸರಾಸರಿ 1.8 ಮಕ್ಕಳು, ಕರ್ನಾಟಕದಲ್ಲಿ 1.7. ಒಂದು ತಲೆಮಾರು ತನ್ನ ಜಾಗಕ್ಕೆ ಇನ್ನೊಂದನ್ನು ನಿಲ್ಲಿಸಿ ಹೋಗಲು 2.1 ಬೇಕು. ಅಂದರೆ ಹೆರಿಗೆಯಿಂದ ಬೆಳೆಯುವ ಕಾಲ ಈ ಎರಡೂ ರಾಜ್ಯಗಳಲ್ಲಿ ಮುಗಿಯುತ್ತ ಬಂದಿದೆ. ನಗರ ಬೆಳೆಯುತ್ತಿರುವುದು ಮುಖ್ಯವಾಗಿ ಬೇರೆ ಎರಡು ದಾರಿಗಳಲ್ಲಿ.

ಒಂದನೆಯದು, ಗೆರೆ ಸರಿಯುವುದು. 2007ರಲ್ಲಿ ಸುತ್ತಲಿನ ಹನ್ನೆರಡು ಪುರಸಭೆಗಳನ್ನೂ ಎಂಟು ಗ್ರಾಮ ಪಂಚಾಯಿತಿಗಳನ್ನೂ ಸೇರಿಸಿಕೊಂಡು ಬೃಹತ್ ನಗರಪಾಲಿಕೆ ರಚನೆಯಾಯಿತು. ಸುಮಾರು 170 ಚದರ ಕಿಲೋಮೀಟರಿನ ಊರು ಒಂದೇ ಆದೇಶದಿಂದ 600 ಚದರ ಕಿಲೋಮೀಟರನ್ನು ಮೀರಿತು. ಅಲ್ಲಿಯ ಜನ ಎದ್ದು ನಗರಕ್ಕೆ ಹೋಗಲಿಲ್ಲ, ನಗರವೇ ಅವರ ಅಂಗಳಕ್ಕೆ ಬಂತು.

ಎರಡನೆಯದು, ಜನ ಬಂದು ಸೇರುವುದು. 2001ರಿಂದ 2011ರ ನಡುವೆ ನಗರದ ಒಡಲಾದ ಹೈದರಾಬಾದ್ ಜಿಲ್ಲೆ ಬೆಳೆದದ್ದು ಶೇಕಡಾ 3ರಷ್ಟು. ಅದನ್ನು ಸುತ್ತುವರಿದ ಅಂದಿನ ರಂಗಾರೆಡ್ಡಿ ಜಿಲ್ಲೆ ಬೆಳೆದದ್ದು ಶೇಕಡಾ 48ರಷ್ಟು. ನಡುವೆ ನಿಂತ ನೀರಿನಂತಿದ್ದು ಅಂಚಿನಲ್ಲಿ ಉಕ್ಕುವುದು ಇಂದಿನ ನಗರಗಳ ಲಕ್ಷಣ. ಹೈಟೆಕ್ ಸಿಟಿ, 2008ರಲ್ಲಿ ಶಂಶಾಬಾದಿಗೆ ಬಂದ ವಿಮಾನ ನಿಲ್ದಾಣ, 158 ಕಿಲೋಮೀಟರಿನ ಹೊರ ವರ್ತುಲ ರಸ್ತೆ, ಇವುಗಳ ಬೆನ್ನು ಹತ್ತಿ ಬಡಾವಣೆಗಳು ಎದ್ದವು. ಮಕ್ತಲ್‌ನಿಂದ ಮಹಬೂಬ್‌ನಗರ, ಜಡಚರ್ಲಾ ದಾಟಿ ಹೋಗುವ ದಾರಿಯಲ್ಲಿ ನಗರ ಈಗ ಮೊದಲಿಗಿಂತ ಬಹಳ ಮುಂಚೆಯೇ ಎದುರಾಗುತ್ತದೆ. 2016ರ ಮರುವಿಂಗಡಣೆಯವರೆಗೂ ನಮ್ಮ ಮಹಬೂಬ್‌ನಗರ ಜಿಲ್ಲೆಯಲ್ಲಿದ್ದ ಶಾದ್‌ನಗರ ಇಂದು ರಂಗಾರೆಡ್ಡಿ ಜಿಲ್ಲೆಗೆ ಸೇರಿದೆ. ಹೊಲಗಳಲ್ಲಿ ಕಲ್ಲು ನೆಟ್ಟು ‘ವೆಂಚರ್’ ಎಂದು ಹಲಗೆ ತೂಗುಹಾಕುವ ಪದ್ಧತಿ ನಾರಾಯಣಪೇಟೆ, ಗದ್ವಾಲಗಳ ಹೊರವಲಯಕ್ಕೂ ಬಂದು ತಲುಪಿದೆ.

ಅಂಚಿನಲ್ಲಿ ಕಟ್ಟಡಗಳು ಏಳಬೇಕಾದರೆ ಅಲ್ಲಿ ಕೈಗಳು ಬೇಕು. ಆ ಕೈಗಳು ಯಾರವು ಎಂಬುದು ಈ ಸಭೆಗೆ ಹೇಳಬೇಕಾದ ಮಾತಲ್ಲ. ಮುಂಬೈಯ ಕಾಮಾಠಿಪುರಕ್ಕೆ ಆ ಹೆಸರು ಬಂದದ್ದು ನಿಜಾಮರ ಸೀಮೆಯಿಂದ ಕಟ್ಟಡದ ಕೆಲಸಕ್ಕೆ ಹೋಗಿ ನೆಲೆಸಿದ ಕಾಮಾಠಿಗಳಿಂದ. ಪಾಲಮೂರು ಕೂಲಿ ಎಂಬ ಹೆಸರು ದೇಶದ ಅನೇಕ ಅಣೆಕಟ್ಟುಗಳ ಕೆಲಸದಲ್ಲಿ ಕೇಳಿಬಂದಿದೆ. ಗುಂಪು ಮೇಸ್ತ್ರಿ ಮುಂಗಡ ಕೊಡುತ್ತಾನೆ. ದಸರೆ ಕಳೆದ ಮೇಲೆ ಗಂಡ, ಹೆಂಡತಿ, ಮಕ್ಕಳು ಗಂಟುಮೂಟೆ ಕಟ್ಟಿ ಹೊರಡುತ್ತಾರೆ. ಯುಗಾದಿಗೋ ಮುಂಗಾರಿನ ಮೊದಲ ಮಳೆಗೋ ಮರಳುತ್ತಾರೆ. ಕೆಲವರು ಮರಳುವುದಿಲ್ಲ.

ಇದು ಬರಿಯ ಬರಗಾಲದ ಕಥೆಯೂ ಅಲ್ಲ. ಕೃಷ್ಣೆ ತೆಲಂಗಾಣವನ್ನು ಹೊಗುವುದೇ ನಮ್ಮ ಜಿಲ್ಲೆಯ ತಂಗಿಡಿಯ ಬಳಿ, ಭೀಮೆ ಕೂಡುವ ಎಡೆಯಲ್ಲಿ. ಅದೇ ಕೃಷ್ಣೆ ಜೂರಾಲಾ, ಶ್ರೀಶೈಲಗಳನ್ನು ದಾಟಿ ನಾಗಾರ್ಜುನಸಾಗರವನ್ನು ಸೇರುತ್ತದೆ. 2004ರಿಂದ ಅಲ್ಲಿಯ ನೀರನ್ನು ಮೇಲೆತ್ತಿ ಹೈದರಾಬಾದಿಗೆ ಕುಡಿಯಲು ಒಯ್ಯುತ್ತಿದ್ದಾರೆ. ಎರಡು ಕೆರೆಗಳು ಸಾಕಾಗಿದ್ದ ನಗರಕ್ಕೆ ಇಂದು ನಮ್ಮ ಊರ ಮುಂದೆ ಹರಿದ ನದಿಯೂ ಬೇಕು. ನಗರದವರು ನೀರು ಕುಡಿಯಬಾರದೆಂದು ನಾನು ಹೇಳುತ್ತಿಲ್ಲ, ಅಲ್ಲಿ ಕುಡಿಯುವವರಲ್ಲಿ ನಮ್ಮವರೂ ಇದ್ದಾರೆ. ಜೂರಾಲಾ ಕಾಲುವೆಯೋ ಭೀಮಾ ಏತ ನೀರಾವರಿಯೋ ಮುಟ್ಟಿದ ಹೊಲದ ಮನೆಗಳು ಗುಳೆಯನ್ನು ಕಡಿಮೆ ಮಾಡಿವೆ ಎಂಬುದನ್ನು ನೀವೆಲ್ಲ ಕಣ್ಣಾರೆ ಕಂಡಿದ್ದೀರಿ. ನೀರು ನಿಂತಲ್ಲಿ ಮನೆ ನಿಲ್ಲುತ್ತದೆ, ಮನೆ ನಿಂತಲ್ಲಿ ಮಗು ಶಾಲೆಯಲ್ಲಿ ನಿಲ್ಲುತ್ತದೆ.

ಇನ್ನು ನಮ್ಮ ಕಡೆಯ ಲೆಕ್ಕ. 2011ರ ಗಣತಿಯ ಪ್ರಕಾರ ಇಂದಿನ ನಾರಾಯಣಪೇಟೆ ಮತ್ತು ಜೋಗುಲಾಂಬ ಗದ್ವಾಲ ಜಿಲ್ಲೆಗಳೆರಡೂ ಸೇರಿ ಹನ್ನೆರಡು ಲಕ್ಷ ಜನರಿಲ್ಲ. ಹತ್ತರಲ್ಲಿ ಸುಮಾರು ಒಂಬತ್ತು ಮಂದಿ ಹಳ್ಳಿಗರು. ಎರಡೂ ಜಿಲ್ಲೆಗಳಲ್ಲಿ ಓದುಬರಹ ಬಲ್ಲವರ ಪ್ರಮಾಣ ಅರ್ಧಕ್ಕಿಂತ ತುಸು ಕಡಿಮೆ. ಇಲ್ಲಿ ಮಗುವೊಂದು ನಾಲ್ಕು ತಿಂಗಳು ಶಾಲೆ ತಪ್ಪಿಸಿದರೆ ಮನೆಯಲ್ಲಿ ಪಾಠ ಹೇಳಿಕೊಡುವವರು ಯಾರು?

ಕನ್ನಡ ಶಾಲೆಯ ಮಗುವಿಗೆ ಕಷ್ಟ ಇಮ್ಮಡಿ. ಕಡ್ಡಾಯ ಶಿಕ್ಷಣದ 2009ರ ಕಾಯಿದೆಯಂತೆ ವಲಸೆ ಕುಟುಂಬದ ಮಗುವಿಗೂ ಪ್ರವೇಶ ಕೊಡಿಸುವುದು ಸ್ಥಳೀಯ ಸಂಸ್ಥೆಯ ಕರ್ತವ್ಯ. ವರ್ಗಾವಣೆ ಪತ್ರ ತಡವಾಯಿತೆಂದು ಪ್ರವೇಶ ನಿರಾಕರಿಸುವಂತಿಲ್ಲ. ಕಾನೂನು ಒಳ್ಳೆಯದೇ. ಆದರೆ ನಗರದಂಚಿನ ತೆಲುಗು ಶಾಲೆಯಲ್ಲಿ, ಪುಣೆಯ ಮರಾಠಿ ಶಾಲೆಯಲ್ಲಿ, ನಮ್ಮ ಮೂರನೆಯ ತರಗತಿಯ ಮಗು ಮತ್ತೆ ಅಕ್ಷರಮಾಲೆಯಿಂದ ಆರಂಭಿಸಬೇಕು. ಹೈದರಾಬಾದಿನ ಕಾಚಿಗುಡದಲ್ಲಿ ಕರ್ನಾಟಕ ಸಾಹಿತ್ಯ ಮಂದಿರವಿದೆ, ನೃಪತುಂಗ ಶಾಲೆಯಿದೆ. ನಮ್ಮವರ ತಗಡಿನ ಶೆಡ್ಡುಗಳು ಇರುವುದು ಅಲ್ಲಿಂದ ಎಷ್ಟೋ ದೂರದ ಹೊಸ ಬಡಾವಣೆಗಳಲ್ಲಿ.

ನನ್ನೊಡನೆ ಇದೇ ಕೊಠಡಿಯಲ್ಲಿ ಕುಳಿತು ಮಗ್ಗಿ ಹೇಳಿದ ಗೆಳೆಯನೊಬ್ಬ ಐದನೆಯ ತರಗತಿಯ ದಸರೆಗೆ ಹೋದವನು ಶಾಲೆಗೆ ಮರಳಲಿಲ್ಲ. ಎಷ್ಟೋ ವರ್ಷಗಳ ಮೇಲೆ ನಗರದಲ್ಲಿ ಸಿಕ್ಕಿದ. ಈಗ ಅವನೇ ಮೇಸ್ತ್ರಿ. ತಾನು ಕಟ್ಟಿಸಿದ ಮಹಡಿಗಳನ್ನು ಹೆಮ್ಮೆಯಿಂದ ತೋರಿಸಿದ. ಮನೆಗೆ ಕರೆದೊಯ್ದು ರೊಟ್ಟಿ ಉಣಿಸಿದ. ಮನೆಮಂದಿಯೆಲ್ಲ ಮಾತನಾಡುವುದು ಕನ್ನಡವೇ. ಮೊಮ್ಮಗಳಿಗೆ ಮಾತ್ರ ಕನ್ನಡ ಓದಲು ಬಾರದು. ಜನಗಣತಿಯಲ್ಲಿ ಮಾತೃಭಾಷೆ ಯಾವುದೆಂದು ಬರೆಸುತ್ತೀ ಎಂದು ಕೇಳಿದೆ. “ಯಾಕ ಸುಮ್ನ ತಕರಾರು, ತೆಲುಗು ಅಂತಾನೆ ಬರಸ್ತೀವಪಾ” ಎಂದ. ನಾನು ಆಗ ಏನೂ ಹೇಳಲಿಲ್ಲ. ಹೇಳಬೇಕಾಗಿತ್ತು. ಅಂದು ನುಂಗಿದ ಮಾತನ್ನು ಇಂದು ಈ ವೇದಿಕೆಯಿಂದ ಹೇಳುತ್ತಿದ್ದೇನೆ.

1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾದಾಗ ರಾಯಚೂರು ಜಿಲ್ಲೆಯ ಗದ್ವಾಲ, ಆಲಂಪುರ ತಾಲ್ಲೂಕುಗಳು ಆಂಧ್ರ ಪ್ರದೇಶಕ್ಕೆ ಸೇರಿದವು. ನಾರಾಯಣಪೇಟೆ, ಮಕ್ತಲ್‌ಗಳು ಮಹಬೂಬ್‌ನಗರ ಜಿಲ್ಲೆಯೊಂದಿಗೆ ಅತ್ತಲೇ ಹೋದವು. ಅದೇ ವರ್ಷ ಸಂವಿಧಾನಕ್ಕೆ 350ಎ ವಿಧಿ ಸೇರಿತು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಅನುಕೂಲ ಒದಗಿಸಬೇಕೆಂಬುದು ಅದರ ಆಶಯ. ಅದಕ್ಕೂ ಮುಂಚೆ, 1949ರಲ್ಲಿ, ಪ್ರಾಂತಗಳ ಶಿಕ್ಷಣ ಸಚಿವರ ಸಮ್ಮೇಳನ ಒಂದು ಅಳತೆಯನ್ನು ಒಪ್ಪಿತ್ತು: ಶಾಲೆಯಲ್ಲಿ ಆ ಭಾಷೆಯ ನಲವತ್ತು ಮಕ್ಕಳು, ಇಲ್ಲವೇ ಒಂದು ತರಗತಿಯಲ್ಲಿ ಹತ್ತು ಮಕ್ಕಳು ಇದ್ದರೆ ಆ ಭಾಷೆಯಲ್ಲಿ ಕಲಿಸುವ ಶಿಕ್ಷಕರನ್ನು ಕೊಡಬೇಕು. ನಮ್ಮ ಹಕ್ಕು ಒಂದು ಸಂಖ್ಯೆಯ ಮೇಲೆ ನಿಂತಿದೆ ಎಂಬುದನ್ನು ಮರೆಯಬೇಡಿ. ಮನೆಗಳಲ್ಲಿ ಮಕ್ಕಳು ಕಡಿಮೆಯಾಗಿದ್ದಾರೆ. 2022–23ರಿಂದ ಸರ್ಕಾರಿ ಶಾಲೆಗಳಿಗೂ ಇಂಗ್ಲಿಷ್ ಮಾಧ್ಯಮ ಬಂದಿದೆ, ಮಗುವಿನ ಉದ್ಯೋಗದ ಚಿಂತೆಯಿಂದ ಅದನ್ನು ಆಯ್ದುಕೊಳ್ಳುವ ತಂದೆತಾಯಿಯನ್ನು ನಾನು ದೂರಲಾರೆ. ಇವೆರಡರ ಮೇಲೆ ಗುಳೆಯೂ ಸೇರಿದರೆ ಹತ್ತು ಒಂಬತ್ತಾಗಲು ಒಂದು ಕುಟುಂಬ ಊರು ಬಿಟ್ಟರೆ ಸಾಕು. ಹೋದ ಕುಟುಂಬದ ಮಗುವಿನ ಜೊತೆಗೆ ಉಳಿದ ಒಂಬತ್ತು ಮಕ್ಕಳ ಓದೂ ಆಗ ಅಲುಗಾಡುತ್ತದೆ.

ಆದ್ದರಿಂದ ಮೂರು ಬಿನ್ನಹಗಳು.

ಪೋಷಕರೇ, ನೀವು ಹೋಗಬೇಡಿ ಎನ್ನುವ ಅಧಿಕಾರ ನನಗಿಲ್ಲ. ಹೊರಡುವ ಮೊದಲು ಒಂದು ದಿನ ಶಾಲೆಗೆ ಬಂದು ಎಲ್ಲಿಗೆ, ಎಷ್ಟು ದಿನಕ್ಕೆ, ಯಾವ ಫೋನಿಗೆ ಕರೆ ಮಾಡಬೇಕು ಎಂದು ಬರೆಸಿ ಹೋಗಿ. ಅಜ್ಜ ಅಜ್ಜಿ ಊರಲ್ಲಿದ್ದರೆ ಮಗುವನ್ನು ಅವರ ಬಳಿ ಬಿಡಿ. ಅಂಥ ಆಸರೆ ಇಲ್ಲದ ಮಕ್ಕಳಿಗೆ ಸಮಗ್ರ ಶಿಕ್ಷಾ ಯೋಜನೆಯಡಿ ಗುಳೆಯ ತಿಂಗಳುಗಳಲ್ಲಿ ವಸತಿ ಕಲ್ಪಿಸಲು ಅವಕಾಶವಿದೆ. ಅದನ್ನು ಕೇಳಿ ಪಡೆಯಲು ಶಾಲೆಯ ಸಮಿತಿ ದಸರೆಗೆ ಮುಂಚೆಯೇ ಅರ್ಜಿ ಹಾಕಬೇಕು, ಹಾಸಿಗೆಗಳು ಖಾಲಿಯಾದ ಮೇಲಲ್ಲ.

ನಗರದಲ್ಲಿ ನೆಲೆಸಿರುವ ಹಳೆಯ ವಿದ್ಯಾರ್ಥಿಗಳೇ, ಶಾಲೆಗೆ ಕಮಾನು ಕಟ್ಟಿಸುವ ನಿಮ್ಮ ಉತ್ಸಾಹ ಮೆಚ್ಚತಕ್ಕದ್ದು. ಅದಕ್ಕಿಂತ ಮುಂಚೆ ಒಬ್ಬೊಬ್ಬರು ಇಲ್ಲಿಂದ ಬಂದ ಒಂದೊಂದು ಕುಟುಂಬವನ್ನು ಹುಡುಕಿ. ಮಗುವನ್ನು ಹತ್ತಿರದ ಶಾಲೆಗೆ ಸೇರಿಸಿ. ಭಾನುವಾರ ಒಂದು ಗಂಟೆ ಕನ್ನಡ ಓದಿಸಿ. ಯುಗಾದಿಗೆ ಮರಳಿದಾಗ ಆ ಮಗು ತನ್ನ ತರಗತಿಯಲ್ಲೇ ಕೂರುವಂತಾಗಲಿ.

ಮೂರನೆಯದು ಎಲ್ಲರಿಗೂ. 2021ರಲ್ಲಿ ನಡೆಯಬೇಕಿದ್ದ ಜನಗಣತಿ ಮುಂದಕ್ಕೆ ಹೋಗಿ ಈಗ 1 ಮಾರ್ಚ್ 2027ನ್ನು ಎಣಿಕೆಯ ದಿನವೆಂದು ಗೊತ್ತುಮಾಡಲಾಗಿದೆ. ಆ ಫೆಬ್ರವರಿಯಲ್ಲಿ ನಮ್ಮ ಊರಿನ ಎಷ್ಟೋ ಮನೆಗಳಿಗೆ ಬೀಗ ಬಿದ್ದಿರುತ್ತದೆ. ನಮ್ಮವರ ಎಣಿಕೆ ನಗರದ ಅಂಚಿನ ಶೆಡ್ಡುಗಳಲ್ಲಿ ನಡೆಯುತ್ತದೆ. ಎಲ್ಲೇ ಇರಿ, ಎಣಿಸುವವರು ಬಂದಾಗ ಮನೆಯಲ್ಲಿ ಆಡುವ ಮಾತು ಕನ್ನಡವಾಗಿದ್ದರೆ ಮಾತೃಭಾಷೆ ಕನ್ನಡವೆಂದೇ ಬರೆಸಿ. ತೆಲುಗು ನಮ್ಮ ನೆರೆಯ ಭಾಷೆ, ನಮಗೆ ಅನ್ನ ಕೊಡುವ ಭಾಷೆ. ಅದರ ಮೇಲಿನ ಗೌರವಕ್ಕೆ ಇದರಿಂದ ಕುಂದಿಲ್ಲ. ಇದ್ದದ್ದನ್ನು ಇದ್ದಂತೆ ಬರೆಸುವುದರಲ್ಲಿ ತಕರಾರೂ ಇಲ್ಲ. ನನ್ನ ಗೆಳೆಯನಿಗೂ ಈ ವಾರವೇ ಫೋನು ಮಾಡಿ ಹೇಳುತ್ತೇನೆ.

ನಗರಗಳು ಇನ್ನೂ ಬೆಳೆಯುತ್ತವೆ. ನಮ್ಮವರು ಇನ್ನೂ ಹೋಗುತ್ತಾರೆ. ನೂರೊಂದನೆಯ ವರ್ಷದ ದಾಖಲಾತಿ ಪುಸ್ತಕವನ್ನು ಮುಖ್ಯೋಪಾಧ್ಯಾಯರು ಮುಂದಿನ ಜೂನಿನಲ್ಲಿ ತೆರೆಯುತ್ತಾರೆ. ಅದರಲ್ಲಿ ‘ಗುಳೆ ಹೋಗಿದ್ದಾರೆ’ ಎಂದು ಬರೆಯಬೇಕಾಗಿ ಬಂದರೂ ಅದರ ಪಕ್ಕದಲ್ಲಿ ‘ಮರಳಿ ಸೇರಿದ ದಿನಾಂಕ’ ಎಂಬ ಒಂದು ಹೊಸ ಅಂಕಣವನ್ನು ಗೆರೆ ಎಳೆದು ಸೇರಿಸಿ ಎಂದು ಕೈಮುಗಿದು ಕೇಳಿಕೊಳ್ಳುತ್ತೇನೆ. ಅದನ್ನು ತುಂಬುವ ಹೊಣೆ ನಮ್ಮೆಲ್ಲರದು.